ಬರೆದದ್ದು ಗೂಗಲ್‌ನಲ್ಲಿ ಕಾಣಿಸಬೇಕಾದರೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

"ಲೇಖನ ಹಾಕಿ ತಿಂಗಳುಗಳಾದವು. ಕೀವರ್ಡ್ ಸೇರಿಸಿದ್ದೇನೆ, ಪ್ಲಗಿನ್‌ನಲ್ಲಿ ಹಸಿರು ದೀಪವೂ ಬಂದಿದೆ. ಆದರೂ ಗೂಗಲ್‌ನಲ್ಲಿ ಎಲ್ಲೂ ಇಲ್ಲ." ಈ ದೂರು ಮತ್ತೆ ಮತ್ತೆ ಬರುತ್ತಲೇ ಇದೆ. (ಪ್ಲಗಿನ್ ಎಂದರೆ ಸೈಟಿಗೆ ಜೋಡಿಸಿಕೊಳ್ಳುವ ಸಣ್ಣ ತಂತ್ರಾಂಶ. ಲೇಖನ ತನ್ನ ಪಟ್ಟಿಗೆ ಹೊಂದಿದರೆ ಹಸಿರು ದೀಪ ತೋರಿಸುತ್ತದೆ.) ಅಂಥ ಪುಟಗಳನ್ನು ತೆಗೆದು ನೋಡಿದರೆ ಎಷ್ಟೋ ಸಲ ಬರವಣಿಗೆ ಚೆನ್ನಾಗಿಯೇ ಇರುತ್ತದೆ, ಕೆಲಸದ ಕ್ರಮ ಮಾತ್ರ ತಪ್ಪಿರುತ್ತದೆ. ಮೊದಲು ಬರೆದುಬಿಡುತ್ತಾರೆ. ಆಮೇಲೆ ಕೀವರ್ಡ್ (ಜನ ಹುಡುಕುವಾಗ ಟೈಪ್ ಮಾಡುವ ಪದ) ಹುಡುಕಿ ಅಲ್ಲಲ್ಲಿ ತುರುಕುತ್ತಾರೆ. ಜನ ನಿಜವಾಗಿ ಏನು ಕೇಳುತ್ತಿದ್ದಾರೆ ಅಂತ ನೋಡುವುದು ಕೊನೆಗೆ, ಅಥವಾ ನೋಡುವುದೇ ಇಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಫೋನ್‌ನ ಸ್ಟೋರೇಜ್ ತುಂಬಿದಾಗ ಏನು ಮಾಡಬೇಕು ಎಂಬ ಲೇಖನ.

ಬೇಕಾದ ಸಲಕರಣೆಗಳು

ಮುಖ್ಯವಾಗಿ ಬೇಕಿರುವುದು ಗೂಗಲ್ ಸರ್ಚ್ ಕನ್ಸೋಲ್. ಇದು ಉಚಿತ. ಸೈಟ್ ನಿಮ್ಮದೇ ಎಂದು ಅದರಲ್ಲಿ ಒಮ್ಮೆ ದೃಢಪಡಿಸಬೇಕು. ಜನ ಯಾವ ಪದ ಹಾಕಿ ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಕ್ಲಿಕ್ ಬಂತು ಎಂಬುದು ಗೂಗಲ್‌ನಿಂದಲೇ ಸಿಗುವುದು ಇಲ್ಲಿ. 16 ತಿಂಗಳವರೆಗಿನ ಮಾಹಿತಿ ಇರುತ್ತದೆ. ಸೈಟ್ ಶುರುವಾದ ದಿನವೇ ಇದನ್ನು ಜೋಡಿಸಿ. ತಡವಾಗಿ ಜೋಡಿಸಿದರೆ ಹಿಂದಿನ ಲೆಕ್ಕ ಪೂರ್ತಿ ಸಿಗುವುದಿಲ್ಲ.

ಜೊತೆಗೆ ಗೂಗಲ್ ಟ್ರೆಂಡ್ಸ್ (ಯಾವ ಹುಡುಕಾಟ ಏರುತ್ತಿದೆ, ಇಳಿಯುತ್ತಿದೆ ಎಂದು ತೋರಿಸುವುದು), ಪೇಜ್‌ಸ್ಪೀಡ್ ಇನ್‌ಸೈಟ್ಸ್ (ಪುಟದ ವೇಗ ಅಳೆಯುವುದು), ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿ (ನಿಮ್ಮ ಹಳೆಯ ಹುಡುಕಾಟಗಳ ನೆನಪಿಲ್ಲದ ಖಾಸಗಿ ಕಿಟಕಿ) ಮತ್ತು ಟಿಪ್ಪಣಿಗೆ ಒಂದು ಸ್ಪ್ರೆಡ್‌ಶೀಟ್. ದುಡ್ಡು ಕೊಟ್ಟು ಕೊಳ್ಳುವ ಟೂಲ್‌ಗಳು ಈಗಲೇ ಬೇಡ. ಅವು ತೋರಿಸುವ ಹುಡುಕಾಟದ ಸಂಖ್ಯೆಗಳು ಅಂದಾಜು ಮಾತ್ರ. ಕಡಿಮೆ ಜನ ಬಳಸುವ ಭಾಷೆಗಳಲ್ಲಂತೂ ಎಷ್ಟೋ ಪ್ರಶ್ನೆಗಳ ಮುಂದೆ ಸೊನ್ನೆ ಇರುತ್ತದೆ. ಆ ಸೊನ್ನೆ ನೋಡಿ ಒಳ್ಳೆಯ ಪ್ರಶ್ನೆಯನ್ನು ಕೈಬಿಡಬೇಡಿ.

ಹಂತ 1: ಪುಟ ಗೂಗಲ್‌ನ ಪಟ್ಟಿಯಲ್ಲಿ ಇದೆಯೇ ನೋಡಿ

ಸರ್ಚ್ ಎಂಜಿನ್ ಮೊದಲು ನಿಮ್ಮ ಪುಟಕ್ಕೆ ಬಂದು ಓದುತ್ತದೆ. ಇದು ಕ್ರಾಲ್. ಓದಿದ್ದನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಇದು ಇಂಡೆಕ್ಸ್. ಯಾರಾದರೂ ಹುಡುಕಿದಾಗ ಆ ಪಟ್ಟಿಯಿಂದ ಆರಿಸಿ ತೋರಿಸುತ್ತದೆ. ರ‍್ಯಾಂಕಿಂಗ್ (ಯಾವ ಪುಟ ಮೇಲೆ, ಯಾವುದು ಕೆಳಗೆ) ಎನ್ನುವುದು ಬರುವುದೇ ಈ ಕೊನೆಯ ಘಟ್ಟದಲ್ಲಿ. ಇಂಡೆಕ್ಸ್‌ನಲ್ಲೇ ಇಲ್ಲದ ಪುಟದ ಶೀರ್ಷಿಕೆ ತಿದ್ದುತ್ತಾ ಕೂತರೆ ಏನೂ ಆಗುವುದಿಲ್ಲ.

ಸರ್ಚ್ ಕನ್ಸೋಲ್‌ನ ಮೇಲ್ಗಡೆ ಇರುವ ಪೆಟ್ಟಿಗೆಯಲ್ಲಿ ಪುಟದ ಪೂರ್ತಿ ವಿಳಾಸ ಹಾಕಿ. ಪುಟ ಇಂಡೆಕ್ಸ್‌ನಲ್ಲಿ ಇದೆಯೋ ಇಲ್ಲವೋ ಅಂತ ಅದೇ ಹೇಳುತ್ತದೆ. ಇಲ್ಲ ಎಂದರೆ ಕಾರಣವನ್ನೂ ಕೊಡುತ್ತದೆ. ಪದೇ ಪದೇ ಸಿಗುವ ಕಾರಣಗಳು ಇವು:

ಪುಟದಲ್ಲಿ ನೋಇಂಡೆಕ್ಸ್ ಸೂಚನೆ (ಈ ಪುಟವನ್ನು ಪಟ್ಟಿಗೆ ಸೇರಿಸಬೇಡಿ ಎಂಬ ಕೋಡ್) ಉಳಿದುಬಿಟ್ಟಿರುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳುವುದು ಬೇಡ ಎಂದು ಹೇಳುವ ಒಂದು ಟಿಕ್ ಇದೆ. ಸೈಟ್ ಕಟ್ಟುವಾಗ ಹಾಕಿದ್ದನ್ನು ತೆಗೆಯಲು ಮರೆತಿರುತ್ತಾರೆ. ಸೆಟ್ಟಿಂಗ್ಸ್‌ನ ರೀಡಿಂಗ್ ವಿಭಾಗದಲ್ಲಿ ನೋಡಿ.

ರೋಬೋಟ್ಸ್ ಫೈಲ್‌ನಲ್ಲಿ (ಯಾವ ಪುಟ ಓದಬಹುದು, ಯಾವುದು ಬೇಡ ಎಂದು ಸರ್ಚ್ ಎಂಜಿನ್‌ಗೆ ಹೇಳುವ ಫೈಲ್) ತಡೆ ಇರಬಹುದು. ಇಲ್ಲೊಂದು ಗೊಂದಲವಿದೆ. ರೋಬೋಟ್ಸ್ ಫೈಲ್ ತಡೆಯುವುದು ಓದುವುದನ್ನು, ನೋಇಂಡೆಕ್ಸ್ ತಡೆಯುವುದು ಪಟ್ಟಿಗೆ ಸೇರುವುದನ್ನು. ಒಂದು ಪುಟವನ್ನು ಗೂಗಲ್‌ನಿಂದ ತೆಗೆಸಬೇಕು ಅಂತ ಎರಡನ್ನೂ ಒಟ್ಟಿಗೆ ಹಾಕಿದರೆ ಗೂಗಲ್ ಒಳಗೆ ಬರುವುದೇ ಇಲ್ಲ. ಬರದಿದ್ದರೆ ನೋಇಂಡೆಕ್ಸ್ ಸೂಚನೆ ಅದಕ್ಕೆ ಕಾಣುವುದೂ ಇಲ್ಲ.

"ಕ್ರಾಲ್ ಆಗಿದೆ, ಸದ್ಯಕ್ಕೆ ಇಂಡೆಕ್ಸ್ ಆಗಿಲ್ಲ" ಎಂದು ಬಂದರೆ ತಾಂತ್ರಿಕ ತಡೆ ಏನೂ ಇಲ್ಲ ಅಂತ ಅರ್ಥ. ಗೂಗಲ್ ಪುಟವನ್ನು ನೋಡಿದೆ, ಸೇರಿಸಿಕೊಂಡಿಲ್ಲ. ಮತ್ತೆ ಮತ್ತೆ ಇಂಡೆಕ್ಸಿಂಗ್ ಕೋರಿಕೆ ಕಳಿಸಿ ಪ್ರಯೋಜನವಿಲ್ಲ. ಪುಟದ ಹೂರಣವನ್ನೇ ಬದಲಿಸಬೇಕು. ಅದಕ್ಕೆ ಹಂತ 4 ನೋಡಿ.

ಹಂತ 2: ವಿಷಯವನ್ನಲ್ಲ, ಪ್ರಶ್ನೆಯನ್ನು ಆರಿಸಿ

"ಫೋನ್ ಸ್ಟೋರೇಜ್" ಎನ್ನುವುದು ವಿಷಯ. ಅದರಲ್ಲಿ ಹತ್ತಾರು ಪ್ರಶ್ನೆಗಳು ಅಡಗಿವೆ. "ಫೋಟೋ ಡಿಲೀಟ್ ಮಾಡಿದರೂ ಸ್ಟೋರೇಜ್ ಫುಲ್ ಅಂತ ಯಾಕೆ ತೋರಿಸುತ್ತದೆ" ಎನ್ನುವುದು ಪ್ರಶ್ನೆ. ಹೊಸ ಸೈಟ್ ಆಗಿದ್ದರೆ ಇಂಥ ಇಕ್ಕಟ್ಟಾದ ಪ್ರಶ್ನೆಯಿಂದಲೇ ಶುರು ಮಾಡಿ. ವಿಶಾಲವಾದ ವಿಷಯಕ್ಕೆ ಹೋದರೆ ಫೋನ್ ತಯಾರಿಸುವ ಕಂಪನಿಗಳ ಸಹಾಯ ಪುಟಗಳ ಜೊತೆಗೇ ಪೈಪೋಟಿ ಮಾಡಬೇಕಾಗುತ್ತದೆ.

ಪ್ರಶ್ನೆ ಹುಡುಕುವ ಕೆಲಸ ಹೀಗೆ ನಡೆಯಲಿ:

1. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಗೂಗಲ್ ತೆರೆದು ಮುಖ್ಯ ಪದಗಳನ್ನು ನಿಧಾನವಾಗಿ ಟೈಪ್ ಮಾಡಿ. ಕೆಳಗೆ ತಾನಾಗಿ ಇಳಿಯುವ ಸಲಹೆಗಳನ್ನು ಬರೆದುಕೊಳ್ಳಿ. ಅವು ಜನ ಹುಡುಕಿದ ಮಾತುಗಳನ್ನು ಆಧರಿಸಿ ಬರುವಂಥವು.

2. ಎಂಟರ್ ಒತ್ತಿ. "ಜನರು ಇದನ್ನೂ ಕೇಳುತ್ತಾರೆ" ಎಂಬ ಪೆಟ್ಟಿಗೆ ಬಂದರೆ ಅದರ ಪ್ರಶ್ನೆಗಳನ್ನು ತೆರೆಯುತ್ತಾ ಹೋಗಿ. ತೆರೆದಂತೆಲ್ಲ ಹೊಸ ಪ್ರಶ್ನೆಗಳು ಸೇರಿಕೊಳ್ಳುತ್ತವೆ. ಪುಟದ ಕೊನೆಗೆ ಬರುವ ಸಂಬಂಧಿತ ಹುಡುಕಾಟಗಳನ್ನೂ ಬಿಡಬೇಡಿ.

3. ಜನ ಒಂದೇ ಪ್ರಶ್ನೆಯನ್ನು ಕನ್ನಡ ಲಿಪಿಯಲ್ಲೂ ಹುಡುಕುತ್ತಾರೆ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದೂ ಹುಡುಕುತ್ತಾರೆ. ಎರಡೂ ರೀತಿ ಹಾಕಿ ನೋಡಿ. ಲೇಖನದಲ್ಲಿ ಬಳಕೆಯ ಮಾತೇ ಇರಲಿ. "ಸಂಗ್ರಹಣಾ ಸಾಮರ್ಥ್ಯ" ಎಂದು ಯಾರೂ ಟೈಪ್ ಮಾಡುವುದಿಲ್ಲ, ಅಲ್ವಾ?

4. ಒಂದೇ ಉತ್ತರ ಸಾಕಾಗುವ ಪ್ರಶ್ನೆಗಳನ್ನು ಒಂದು ಗುಂಪು ಮಾಡಿ. ಒಂದು ಗುಂಪಿಗೆ ಒಂದೇ ಪುಟ.

ಈ ನಾಲ್ಕನೆಯದನ್ನು ಬಿಟ್ಟವರೇ ಜಾಸ್ತಿ. "ಸ್ಟೋರೇಜ್ ಫುಲ್ ಆದರೆ", "ಸ್ಟೋರೇಜ್ ತುಂಬಿದರೆ", "ಸ್ಟೋರೇಜ್ ಖಾಲಿ ಮಾಡುವುದು ಹೇಗೆ" ಅಂತ ಮೂರು ಪುಟ ಮಾಡುತ್ತಾರೆ. ಮೂರರಲ್ಲೂ ಅದೇ ಮಾತು. ಆಗ ನಿಮ್ಮ ಪುಟಗಳೇ ಒಂದಕ್ಕೊಂದು ಅಡ್ಡ ನಿಲ್ಲುತ್ತವೆ.

ಹಂತ 3: ಮೊದಲ ಹತ್ತು ಫಲಿತಾಂಶಗಳನ್ನು ಕೂತು ಓದಿ

ಆರಿಸಿದ ಪ್ರಶ್ನೆಯನ್ನು ಹುಡುಕಿ, ಬಂದ ಪುಟಗಳನ್ನು ಒಂದೊಂದಾಗಿ ತೆರೆಯಿರಿ. ಕಣ್ಣಾಡಿಸಿದರೆ ಸಾಲದು, ಓದಬೇಕು. ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ಪುಟದ ಮುಂದೆ ಮೂರು ಸಂಗತಿ ಬರೆಯಿರಿ: ಅದು ಯಾವ ಬಗೆಯ ಪುಟ, ಏನು ಚೆನ್ನಾಗಿ ಹೇಳಿದೆ, ಎಲ್ಲಿ ಕೈಕೊಟ್ಟಿದೆ.

ಬಗೆ ಯಾಕೆ ಮುಖ್ಯ ಎಂದರೆ, ಹುಡುಕುವವರಿಗೆ ಯಾವ ರೂಪದ ಉತ್ತರ ಬೇಕು ಎಂಬುದು ಅಲ್ಲೇ ಕಾಣುತ್ತದೆ. ಮೇಲಿನ ಪುಟಗಳೆಲ್ಲ ಹಂತ ಹಂತದ ಸೂಚನೆಗಳಾಗಿದ್ದರೆ ಮೆಮೊರಿ ಕಾರ್ಡ್ ಬೆಳೆದುಬಂದ ಬಗೆಯ ಪ್ರಬಂಧಕ್ಕೆ ಅಲ್ಲಿ ಜಾಗವಿಲ್ಲ. ಬರೀ ವಿಡಿಯೊಗಳೇ ಬಂದರೆ ಜನ ನೋಡಿ ಕಲಿಯಲು ಬಯಸುತ್ತಿದ್ದಾರೆ. ಎಲ್ಲವೂ ಮಾರಾಟದ ಪುಟಗಳೇ ಆಗಿದ್ದರೆ ಹುಡುಕುವವರು ಕೊಳ್ಳಲು ಬಂದವರು. ಬೇರೆ ಪ್ರಶ್ನೆ ಆರಿಸಿಕೊಳ್ಳಿ.

ಫಲಿತಾಂಶದ ತಲೆಯ ಮೇಲೆ ಎಐ ಬರೆದ ಉತ್ತರ ಬರುತ್ತಿದೆಯೇ ಎಂಬುದನ್ನೂ ಗಮನಿಸಿ. ಒಂದು ಸಾಲಿನ ಉತ್ತರದಲ್ಲಿ ಮುಗಿಯುವ ಪ್ರಶ್ನೆಗೆ ಜನ ಕೆಳಗಿಳಿದು ಕ್ಲಿಕ್ ಮಾಡುವುದು ಅನುಮಾನ. ಮಾಡಿ ನೋಡಬೇಕಾದ, ಹೋಲಿಸಬೇಕಾದ, ಸಿಕ್ಕಿಹಾಕಿಕೊಂಡಾಗ ಬಿಡಿಸಿಕೊಳ್ಳಬೇಕಾದ ಪ್ರಶ್ನೆಗಳಿಗೆ ಸಮಯ ಕೊಡುವುದು ಮೇಲು.

ಹಂತ 4: ನಿಮ್ಮ ಹತ್ತಿರ ಹೆಚ್ಚಿಗೆ ಏನಿದೆ?

ಎಲ್ಲ ಹಂತಗಳಲ್ಲಿ ಗಟ್ಟಿಯಾದದ್ದು ಇದು. ಹೆಚ್ಚಿನವರು ಬಿಡುವುದೂ ಇದನ್ನೇ. ಹತ್ತು ಪುಟ ಓದಿ, ಹತ್ತರ ಮಾತನ್ನೂ ಕಲಸಿ ಹನ್ನೊಂದನೆಯದನ್ನು ಬರೆದರೆ ಗೂಗಲ್ ಅದನ್ನು ಯಾಕೆ ಮೇಲೆ ತರಬೇಕು? ಅದರಲ್ಲಿರುವುದೆಲ್ಲ ಆಗಲೇ ಗೂಗಲ್ ಬಳಿ ಇದೆ.

ಬರೆಯುವ ಮೊದಲು ಒಂದು ವಾಕ್ಯ ತುಂಬಿಸಿ: "ಬೇರೆ ಪುಟಗಳಲ್ಲಿ ಇಲ್ಲದ, ನನ್ನ ಪುಟದಲ್ಲಿ ಇರುವ ಸಂಗತಿ ಯಾವುದೆಂದರೆ..." ತುಂಬಲು ಆಗದಿದ್ದರೆ ಬರೆಯಬೇಡಿ. ಇನ್ನಷ್ಟು ಕೆಲಸ ಮಾಡಿ, ಅಥವಾ ಪ್ರಶ್ನೆ ಬದಲಿಸಿ.

ಹೆಚ್ಚಿನದು ಎಂದರೆ ದೊಡ್ಡ ಸಂಶೋಧನೆ ಆಗಬೇಕಿಲ್ಲ. ನಮ್ಮ ಉದಾಹರಣೆಯಲ್ಲಿ, ಫೋನ್ ಕೈಗೆ ತೆಗೆದುಕೊಂಡು ಹೇಳಿದ ಕೆಲಸವನ್ನು ನೀವೇ ಮಾಡಿ. ಶುರುವಿನಲ್ಲಿ ಎಷ್ಟು ಜಾಗ ಇತ್ತು, ಬಿನ್ (ಅಳಿಸಿದ ಫೋಟೋಗಳ ಬುಟ್ಟಿ) ಖಾಲಿ ಮಾಡಿದ ಮೇಲೆ ಎಷ್ಟಾಯಿತು, ವಾಟ್ಸ್‌ಆ್ಯಪ್ ವಿಡಿಯೊಗಳನ್ನು ಅಳಿಸಿದ ಮೇಲೆ ಎಷ್ಟಾಯಿತು ಎಂದು ಪ್ರತಿ ಹಂತದಲ್ಲೂ ಸ್ಕ್ರೀನ್‌ಶಾಟ್ ತೆಗೆಯಿರಿ. ಯಾವ ಗುಂಡಿ ಹುಡುಕಲು ಕಷ್ಟವಾಯಿತು, ಯಾವುದನ್ನು ಒತ್ತಿದರೆ ಬೇಡದ್ದು ಅಳಿಸಿಹೋಗುತ್ತದೆ ಎಂದು ಬರೆದುಕೊಳ್ಳಿ. ಇವು ಮಾಡಿದವರಿಗೆ ಮಾತ್ರ ಗೊತ್ತಿರುವ ಸಂಗತಿಗಳು.

ಫಲಿತಾಂಶಗಳ ಗುಣಮಟ್ಟ ಅಳೆಯಲು ಗೂಗಲ್ ನೇಮಿಸಿಕೊಂಡವರಿಗೆ ಒಂದು ಕೈಪಿಡಿ ಇದೆ. ಪರಿಣತಿ, ಅಧಿಕೃತತೆ, ನಂಬಿಕೆ ಎಂಬ ಅಳತೆಗಳ ಜೊತೆಗೆ 2022ರ ಡಿಸೆಂಬರ್‌ನಲ್ಲಿ ಅದಕ್ಕೆ ಅನುಭವವನ್ನೂ ಸೇರಿಸಿದರು. ಆ ಜನ ಕೊಡುವ ಅಂಕ ನೇರವಾಗಿ ನಿಮ್ಮ ಪುಟವನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಆದರೆ ಗೂಗಲ್ ಯಾವ ಕಡೆ ನೋಡುತ್ತಿದೆ ಎಂಬುದು ಅದರಿಂದ ತಿಳಿಯುತ್ತದೆ. ಆರೋಗ್ಯ, ಹಣ, ಸುರಕ್ಷತೆಯ ವಿಷಯವಾದರೆ ಈ ಅಳತೆ ಇನ್ನೂ ಬಿಗಿ. ಬರೆದವರು ಯಾರು, ಅವರಿಗೆ ಈ ವಿಷಯ ಹೇಗೆ ಗೊತ್ತು ಎಂಬುದು ಪುಟದಲ್ಲೇ ಕಾಣಬೇಕು.

ಎಐ ಬಳಸಬಹುದೇ ಎಂದು ಬಹಳ ಜನ ಕೇಳುತ್ತಾರೆ. ಬಳಸಿದ ಮಾತ್ರಕ್ಕೆ ಗೂಗಲ್ ಶಿಕ್ಷಿಸುವುದಿಲ್ಲ. ಆದರೆ ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ರ‍್ಯಾಂಕಿಂಗ್‌ಗಾಗಿ ರಾಶಿ ರಾಶಿ ಹಾಕುವುದನ್ನು 2024ರ ಮಾರ್ಚ್‌ನ ಸ್ಪ್ಯಾಮ್ ನಿಯಮಗಳು ತಡೆಯುತ್ತವೆ. ಅವನ್ನು ಯಂತ್ರ ಬರೆದರೂ ಒಂದೇ, ಮನುಷ್ಯರು ಬರೆದರೂ ಒಂದೇ. ಕರಡು ಯಾರದ್ದೇ ಇರಲಿ, ಮೇಲಿನ ಖಾಲಿ ವಾಕ್ಯವನ್ನು ನೀವೇ ತುಂಬಬೇಕು.

ಹಂತ 5: ಉತ್ತರ ಮೊದಲು, ವಿವರಣೆ ಆಮೇಲೆ

ಈಗ ಬರೆಯಿರಿ. ಸಾಮಾನ್ಯವಾಗಿ ಕಾಣುವ ಶುರು ಹೀಗಿರುತ್ತದೆ:

"ಇಂದಿನ ಆಧುನಿಕ ಯುಗದಲ್ಲಿ ಸ್ಮಾರ್ಟ್‌ಫೋನ್ ನಮ್ಮ ಜೀವನದ ಅವಿಭಾಜ್ಯ ಅಂಗವಾಗಿದೆ. ಫೋನ್ ಸ್ಟೋರೇಜ್ ಫುಲ್ ಆಗುವುದು ಎಲ್ಲರ ಸಮಸ್ಯೆ. ಫೋನ್ ಸ್ಟೋರೇಜ್ ಫುಲ್ ಆದರೆ ಏನು ಮಾಡಬೇಕೆಂದು ಈ ಲೇಖನದಲ್ಲಿ ತಿಳಿಯೋಣ."

ಮೂರು ವಾಕ್ಯ ಮುಗಿದವು, ಓದುಗರಿಗೆ ಏನೂ ಸಿಗಲಿಲ್ಲ. ಅದನ್ನೇ ಹೀಗೆ ಬರೆಯಬಹುದು:

"ಫೋಟೋ ಅಳಿಸಿದರೂ ಜಾಗ ಸಿಗದಿದ್ದರೆ ಮೊದಲು ಗ್ಯಾಲರಿಯ ಬಿನ್ ತೆರೆಯಿರಿ. ಅಳಿಸಿದ ಫೋಟೋಗಳು ಕೆಲವು ದಿನ ಅಲ್ಲೇ ಉಳಿದಿರುತ್ತವೆ. ಅದನ್ನು ಖಾಲಿ ಮಾಡಿದ ಮೇಲೂ ಜಾಗ ಕಡಿಮೆ ಇದ್ದರೆ ವಾಟ್ಸ್‌ಆ್ಯಪ್‌ನ ಸ್ಟೋರೇಜ್ ಪುಟದಲ್ಲಿ ದೊಡ್ಡ ಫೈಲ್‌ಗಳನ್ನು ನೋಡಿ."

ಎರಡನೆಯದರಲ್ಲಿ ಕೀವರ್ಡ್ ಎಣಿಸಿ ಹಾಕಿಲ್ಲ. ಉತ್ತರ ಕೊಡಲು ಬೇಕಾದ ಪದಗಳು ತಾವಾಗಿಯೇ ಬಂದಿವೆ. ಹುಡುಕಿದವರಿಗೆ ಸರಿಯಾದ ಕಡೆ ಬಂದೆ ಅಂತ ಅನ್ನಿಸುತ್ತದೆ, ಮುಂದಕ್ಕೆ ಓದುತ್ತಾರೆ.

ಉಪಶೀರ್ಷಿಕೆಗಳನ್ನು ಮಾತ್ರ ಓದಿದರೂ ಕೆಲಸದ ಕ್ರಮ ತಿಳಿಯುವಂತಿರಲಿ. "ಪರಿಚಯ", "ಮಹತ್ವ", "ಉಪಸಂಹಾರ" ಅಂತ ಇಟ್ಟರೆ ಯಾರಿಗೂ ಉಪಯೋಗವಿಲ್ಲ. ಪ್ಯಾರಾ ಚಿಕ್ಕದಾಗಿರಲಿ, ಫೋನ್ ಪರದೆಯಲ್ಲಿ ಐದು ಸಾಲೂ ಗೋಡೆಯಂತೆ ಕಾಣುತ್ತದೆ.

ಎಷ್ಟು ಪದ ಬರೆಯಬೇಕು? ಇಷ್ಟೇ ಇರಬೇಕೆಂಬ ಲೆಕ್ಕ ಗೂಗಲ್‌ಗೆ ಇಲ್ಲ. ಪ್ರಶ್ನೆ ಮುಗಿದರೆ ಲೇಖನ ಮುಗಿಯಿತು. ಕೀವರ್ಡ್ ಶೇಕಡಾ ಎಷ್ಟಿರಬೇಕು ಎಂಬ ಲೆಕ್ಕವನ್ನೂ ಮರೆತುಬಿಡಿ. ಪ್ಲಗಿನ್‌ನ ಹಸಿರು ದೀಪ ಆ ಪ್ಲಗಿನ್ ಮಾಡಿದವರ ಪಟ್ಟಿಗೆ ಸಂಬಂಧಿಸಿದ್ದು. ಗೂಗಲ್ ಆ ದೀಪವನ್ನು ನೋಡುವುದೇ ಇಲ್ಲ.

ಹಂತ 6: ಶೀರ್ಷಿಕೆ, ವಿವರಣೆ, ವಿಳಾಸ

ಶೀರ್ಷಿಕೆಯಲ್ಲಿ ಪ್ರಶ್ನೆಯ ಮುಖ್ಯ ಪದಗಳು ಮೊದಲೇ ಬರಲಿ. ಫಲಿತಾಂಶದಲ್ಲಿ ಜಾಗ ಸಾಲದಿದ್ದರೆ ಬಾಲವನ್ನು ಕತ್ತರಿಸುತ್ತಾರೆ. ಕನ್ನಡ ಅಕ್ಷರಗಳು ಅಗಲ, ಹಾಗಾಗಿ ಇಂಗ್ಲಿಷ್‌ಗೆ ಹೇಳುವ ಅಕ್ಷರಗಳ ಮಿತಿಯನ್ನು ಹಾಗೇ ನಂಬಬೇಡಿ. ಫೋನ್‌ನಲ್ಲಿ ಹುಡುಕಿ ಕಣ್ಣಾರೆ ನೋಡುವುದೇ ಸರಿ. ಶೀರ್ಷಿಕೆ ಹೇಳಿದ್ದನ್ನು ಲೇಖನ ಕೊಡದಿದ್ದರೆ ಬಂದವರು ಹಾಗೇ ಹಿಂದೆ ಹೋಗುತ್ತಾರೆ.

ಮೆಟಾ ವಿವರಣೆ ಎಂದರೆ ಫಲಿತಾಂಶದಲ್ಲಿ ಶೀರ್ಷಿಕೆಯ ಕೆಳಗೆ ಬರಲಿ ಎಂದು ಬರೆಯುವ ಸಾರಾಂಶ. ಅದರಿಂದ ರ‍್ಯಾಂಕಿಂಗ್ ಏರುವುದಿಲ್ಲ, ಕ್ಲಿಕ್ ಮಾಡಿಸಲು ಮಾತ್ರ ಅದು ಬೇಕು. ಎಷ್ಟೋ ಸಲ ಗೂಗಲ್ ಅದನ್ನು ಬಿಟ್ಟು ಪುಟದೊಳಗಿನ ಸಾಲನ್ನೇ ತೋರಿಸುತ್ತದೆ. ಎರಡು ಸಾಲು ಬರೆದು ಮುಂದೆ ಹೋಗಿ. ಪುಟದ ಕೋಡ್‌ನಲ್ಲಿ ಕೀವರ್ಡ್ ಪಟ್ಟಿ ಹಾಕುವ ಮೆಟಾ ಕೀವರ್ಡ್ಸ್ ಟ್ಯಾಗ್ ಅನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಇಂದಿಗೂ ಅದನ್ನು ತುಂಬಿಸುತ್ತಾ ಕೂರುವವರಿದ್ದಾರೆ!

ವಿಳಾಸ ಚಿಕ್ಕದಾಗಿರಲಿ. ಕನ್ನಡ ಲಿಪಿಯ ವಿಳಾಸವೂ ನಡೆಯುತ್ತದೆ. ಆದರೆ ಕಾಪಿ ಮಾಡಿ ಕಳಿಸಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿಬಿಡುತ್ತದೆ. ವಿಳಾಸದಲ್ಲಿ ವರ್ಷ ಹಾಕಬೇಡಿ, ಮುಂದಿನ ವರ್ಷ ಅದು ಹಳತಾಗಿ ಕಾಣುತ್ತದೆ. ಒಮ್ಮೆ ಪ್ರಕಟವಾದ ವಿಳಾಸವನ್ನು ಸುಮ್ನೆ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ಶಾಶ್ವತ ಸೂಚನೆ) ಹಾಕಿ, ಕಡಿಮೆ ಎಂದರೂ ಒಂದು ವರ್ಷ ಹಾಗೇ ಇಡಿ.

ಹಂತ 7: ಚಿತ್ರ ಮತ್ತು ವೇಗ

ಪುಟವನ್ನು ಪೇಜ್‌ಸ್ಪೀಡ್ ಇನ್‌ಸೈಟ್ಸ್‌ಗೆ ಹಾಕಿ, ಮೊಬೈಲ್ ಫಲಿತಾಂಶ ನೋಡಿ. ಗೂಗಲ್ ಇಂಡೆಕ್ಸ್ ಮಾಡುವುದು ಪುಟದ ಮೊಬೈಲ್ ರೂಪವನ್ನೇ. ಪುಟದ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಒತ್ತಿದ ಗುಂಡಿಗೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು. ಲೋಡ್ ಆಗುವಾಗ ಸಾಲುಗಳು ಮೇಲೆ ಕೆಳಗೆ ಜಿಗಿಯುವ ಅಳತೆ 0.1 ದಾಟಬಾರದು.

ಬರೆಯುವವರ ಕೈಯಲ್ಲಿ ಇರುವುದು ಮುಖ್ಯವಾಗಿ ಚಿತ್ರಗಳು. ಕ್ಯಾಮೆರಾದಿಂದ ಬಂದ ದೊಡ್ಡ ಫೈಲನ್ನು ಹಾಗೇ ಏರಿಸಬೇಡಿ, ಅಳತೆ ಕಿರಿದು ಮಾಡಿ ವೆಬ್‌ಪಿ (ಫೈಲಿನ ತೂಕ ಕಡಿಮೆ ಇರುವ ಚಿತ್ರದ ಬಗೆ) ರೂಪಕ್ಕೆ ಬದಲಿಸಿ. ಚಿತ್ರದ ಉದ್ದ ಅಗಲ ನಮೂದಿಸಿದರೆ ಸಾಲು ಜಿಗಿಯುವುದು ಕಡಿಮೆಯಾಗುತ್ತದೆ. ಆಲ್ಟ್ ಪಠ್ಯದಲ್ಲಿ (ಚಿತ್ರದ ಜೊತೆ ಕೋಡ್‌ನಲ್ಲಿ ಇಡುವ ವಿವರಣೆ) ಚಿತ್ರ ಕಾಣದವರಿಗೆ ಹೇಳುವಂತೆ ಬರೆಯಿರಿ: "ಗ್ಯಾಲರಿಯ ಬಿನ್‌ನಲ್ಲಿ ಎಲ್ಲವನ್ನೂ ಅಳಿಸುವ ಗುಂಡಿ". ಪೂರ್ತಿ 100 ಅಂಕ ಬರಲಿ ಎಂದು ವಾರಗಟ್ಟಲೆ ಒದ್ದಾಡಬೇಡಿ. ವೇಗವೊಂದೇ ಟೊಳ್ಳು ಲೇಖನವನ್ನು ಮೇಲೆತ್ತುವುದಿಲ್ಲ.

ಹಂತ 8: ಲಿಂಕ್‌ಗಳು

ಹೊಸ ಪುಟ ಪ್ರಕಟಿಸಿದ ದಿನವೇ ನಿಮ್ಮ ಹಳೆಯ ಪುಟಗಳನ್ನು ತೆರೆದು, ಹೊಂದುವ ಕಡೆ ಅದಕ್ಕೆ ಲಿಂಕ್ ಕೊಡಿ. ಯಾವ ಪುಟದಿಂದಲೂ ಲಿಂಕ್ ಇಲ್ಲದ ಪುಟ ಗೂಗಲ್ ಕಣ್ಣಿಗೆ ಬೀಳುವುದೇ ಕಷ್ಟ. "ಇಲ್ಲಿ ಕ್ಲಿಕ್ ಮಾಡಿ" ಎಂಬ ಪದಗಳಿಗೆ ಲಿಂಕ್ ಹಾಕುವ ಬದಲು "ವಾಟ್ಸ್‌ಆ್ಯಪ್ ಫೈಲ್ ಅಳಿಸುವ ಕ್ರಮ" ಎಂಬ ಪದಗಳಿಗೆ ಹಾಕಿ.

ಹೊರಗಿನ ಸೈಟ್‌ಗಳಿಂದ ಬರುವ ಲಿಂಕ್ ಬೆಲೆಯುಳ್ಳದ್ದು, ನಿಜ. ಹಾಗಂತ ಕೊಳ್ಳಬೇಡಿ. ರ‍್ಯಾಂಕಿಂಗ್‌ಗಾಗಿ ಲಿಂಕ್ ಕೊಳ್ಳುವುದು ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೆ ವಿರುದ್ಧ. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ಬಂದಾಗ ಇಂಥ ಲಿಂಕ್‌ಗಳ ಮೇಲೆ ನಿಂತಿದ್ದ ಸೈಟ್‌ಗಳು ಕೆಳಗೆ ಬಿದ್ದವು. ದುಡ್ಡಿಗಾಗಿ ನೀವೇ ಯಾರಿಗಾದರೂ ಲಿಂಕ್ ಕೊಟ್ಟಿದ್ದರೆ ಅದಕ್ಕೆ ಸ್ಪಾನ್ಸರ್ಡ್ ಗುರುತು (ಇದು ದುಡ್ಡಿನ ಲಿಂಕ್ ಎಂದು ಗೂಗಲ್‌ಗೆ ಹೇಳುವ ಕೋಡ್) ಹಾಕಿ.

ಇವನ್ನು ಕಂಡರೆ ಎಚ್ಚರ

"ಮೊದಲ ಸ್ಥಾನ ಗ್ಯಾರಂಟಿ" ಎನ್ನುವವರಿಂದ ದೂರ ಇರಿ. ಗೂಗಲ್‌ನಲ್ಲಿ ಆ ಗ್ಯಾರಂಟಿ ಯಾರೂ ಕೊಡಲಾರರು. ಸಾವಿರ ಬ್ಯಾಕ್‌ಲಿಂಕ್ (ಹೊರಗಿನ ಸೈಟ್‌ಗಳಿಂದ ಬರುವ ಲಿಂಕ್) ಕೊಡುತ್ತೇವೆ ಎಂಬ ಇಮೇಲ್ ಬಂದರೂ ಅಷ್ಟೇ. ಸರ್ಚ್ ಕನ್ಸೋಲ್‌ನಲ್ಲಿ "ಮ್ಯಾನ್ಯುಯಲ್ ಆ್ಯಕ್ಷನ್ಸ್" (ನಿಯಮ ಮುರಿದದ್ದಕ್ಕೆ ಗೂಗಲ್‌ನವರು ಪರಿಶೀಲಿಸಿ ಕೊಟ್ಟ ಶಿಕ್ಷೆಗಳು) ಪುಟ ಖಾಲಿಯಾಗಿದೆಯೇ ಅಂತ ಆಗಾಗ ನೋಡಿ. ಅಲ್ಲಿ ಏನಾದರೂ ಬಂದಿದ್ದರೆ ಉಳಿದೆಲ್ಲ ಕೆಲಸ ಬದಿಗಿಟ್ಟು ಅದನ್ನು ಸರಿಮಾಡಿ. ನೀವು ಬರೆಯದ ಪುಟಗಳು ನಿಮ್ಮ ಸೈಟಿನ ಹೆಸರಿನಲ್ಲಿ ಇಂಡೆಕ್ಸ್ ಆಗುತ್ತಿದ್ದರೆ ಸೈಟ್ ಹ್ಯಾಕ್ ಆಗಿರಬಹುದು.

ಹಂತ 9: ಕಾಯಿರಿ, ಅಂಕಿ ಓದಿ, ತಿದ್ದಿ

ಪ್ರಕಟಿಸಿದ ಮೇಲೆ ಒಮ್ಮೆ ಇಂಡೆಕ್ಸಿಂಗ್ ಕೋರಿಕೆ ಕಳಿಸಿ, ಅಷ್ಟು ಸಾಕು. ಕೆಲವು ಬದಲಾವಣೆಗಳ ಫಲ ಕೆಲವೇ ಗಂಟೆಗಳಲ್ಲಿ ಕಾಣುತ್ತದೆ, ಕೆಲವಕ್ಕೆ ತಿಂಗಳುಗಳೇ ಬೇಕು. ಪ್ರತಿದಿನ ಶೀರ್ಷಿಕೆ ಬದಲಿಸಿದರೆ ಯಾವ ಬದಲಾವಣೆ ಕೆಲಸ ಮಾಡಿತು ಎಂಬುದೇ ತಿಳಿಯುವುದಿಲ್ಲ.

ಆಮೇಲೆ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ ತೆರೆದು, ಆ ಒಂದು ಪುಟವನ್ನು ಆರಿಸಿ, ಹುಡುಕಾಟದ ಪದಗಳ ಪಟ್ಟಿ ನೋಡಿ.

ಪುಟ ಮೇಲ್ಗಡೆಯೇ ಕಾಣಿಸುತ್ತಿದೆ, ಕ್ಲಿಕ್ ಇಲ್ಲ: ಶೀರ್ಷಿಕೆ ಸೆಳೆಯುತ್ತಿಲ್ಲ, ಅಥವಾ ಉತ್ತರ ಫಲಿತಾಂಶದ ಪುಟದಲ್ಲೇ ಸಿಕ್ಕಿಬಿಡುತ್ತಿದೆ.

ಸ್ಥಾನ 8ರಿಂದ 20ರ ನಡುವೆ ನಿಂತಿದೆ: ಗೂಗಲ್ ಪುಟವನ್ನು ಒಪ್ಪಿದೆ, ಪೂರ್ತಿ ನಂಬಿಲ್ಲ. ಹಂತ 3ಕ್ಕೆ ಹಿಂದೆ ಹೋಗಿ ಮೇಲಿನ ಪುಟಗಳಲ್ಲಿ ಇರುವ, ನಿಮ್ಮಲ್ಲಿ ಇಲ್ಲದ ಸಂಗತಿ ಹುಡುಕಿ. ಶ್ರಮಕ್ಕೆ ಬೇಗ ಫಲ ಸಿಗುವುದು ಇಂಥ ಪುಟಗಳಲ್ಲೇ.

ನೀವು ಉತ್ತರಿಸದ ಪ್ರಶ್ನೆಗೆ ಪುಟ ಕಾಣಿಸುತ್ತಿದೆ: ಇದು ಬಂಗಾರ. ಬಿನ್ ಬಗ್ಗೆ ಬರೆದ ಪುಟಕ್ಕೆ "ಬಿನ್ ಖಾಲಿ ಮಾಡಿದ ಮೇಲೆ ಫೋಟೋ ವಾಪಸ್ ಬರುತ್ತಾ" ಎಂಬ ಹುಡುಕಾಟ ಬಂದಿದ್ದರೆ, ಚಿಕ್ಕ ಉತ್ತರವಾದರೆ ಅಲ್ಲೇ ಒಂದು ಉಪಶೀರ್ಷಿಕೆ ಸೇರಿಸಿ. ದೊಡ್ಡದಾದರೆ ಹೊಸ ಪುಟ ಬರೆದು ಎರಡನ್ನೂ ಲಿಂಕ್ ಮಾಡಿ.

ಸರಾಸರಿ ಸ್ಥಾನದ ಅಂಕಿಯನ್ನು ನೋಡಿ ಗಾಬರಿಯಾಗಬೇಡಿ. ಹೊಸ ಹೊಸ ಪದಗಳಿಗೆ ಪುಟ ಕೆಳಗಡೆ ಕಾಣಿಸಲು ಶುರುವಾದಾಗಲೂ ಸರಾಸರಿ ಕುಸಿಯುತ್ತದೆ. ಒಂದೊಂದು ಪದದ ಸ್ಥಾನವನ್ನು ಬೇರೆ ಬೇರೆಯಾಗಿ ನೋಡಿ.

ಇಡೀ ಸೈಟ್ ಒಟ್ಟಿಗೆ ಕುಸಿದರೆ, ಗೂಗಲ್‌ನ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿ ಕೋರ್ ಅಪ್‌ಡೇಟ್ (ಫಲಿತಾಂಶ ಆರಿಸುವ ವ್ಯವಸ್ಥೆಯಲ್ಲೇ ಗೂಗಲ್ ಮಾಡುವ ದೊಡ್ಡ ಬದಲಾವಣೆ) ನಡೆಯುತ್ತಿದೆಯೇ ನೋಡಿ. ನಡೆಯುತ್ತಿದ್ದರೆ ಮುಗಿಯುವವರೆಗೆ ಕೈ ಹಾಕಬೇಡಿ. ಮುಗಿದು ಒಂದು ವಾರ ಕಳೆದ ಮೇಲೆ ಅಪ್‌ಡೇಟ್‌ಗೆ ಮುಂಚಿನ ವಾರದ ಜೊತೆ ಹೋಲಿಸಿ.

ತಿದ್ದುವುದೆಂದರೆ ದಿನಾಂಕ ಬದಲಿಸುವುದಲ್ಲ. ಒಳಗೆ ಏನೂ ಬದಲಾಗದೆ ಮೇಲೆ ಹೊಸ ತಾರೀಖು ಹಾಕಿದರೆ ಪುಟ ಹೊಸತಾಗುವುದಿಲ್ಲ. ಹಳೆಯ ಸ್ಕ್ರೀನ್‌ಶಾಟ್, ಕೆಲಸ ಮಾಡದ ಲಿಂಕ್, ಆ್ಯಪ್‌ನಲ್ಲಿ ಈಗ ಜಾಗ ಬದಲಿಸಿರುವ ಗುಂಡಿಯ ಹೆಸರು ಇವನ್ನು ಸರಿಮಾಡಿ, ಆಮೇಲೆ ತಾರೀಖು ಹಾಕಿ.

ಎರಡು ಪುಟಗಳು ಒಂದೇ ಹುಡುಕಾಟಕ್ಕೆ ಸರದಿಯಂತೆ ಕಾಣಿಸುತ್ತಿದ್ದರೆ ಅವನ್ನು ಸೇರಿಸಿಬಿಡಿ. ಹೆಚ್ಚು ಕ್ಲಿಕ್ ಬರುವ ವಿಳಾಸವನ್ನು ಉಳಿಸಿಕೊಳ್ಳಿ. ಇನ್ನೊಂದರಲ್ಲಿರುವ ಒಳ್ಳೆಯ ಭಾಗವನ್ನು ಅದಕ್ಕೆ ತನ್ನಿ, ಖಾಲಿಯಾದ ವಿಳಾಸದಿಂದ 301 ಹಾಕಿ. ನಿಮ್ಮದೇ ಸೈಟ್‌ನೊಳಗೆ ಹಳೆಯ ವಿಳಾಸಕ್ಕೆ ಕೊಟ್ಟಿದ್ದ ಲಿಂಕ್‌ಗಳನ್ನೂ ಹೊಸದಕ್ಕೆ ತಿರುಗಿಸಿ, ಸೈಟ್‌ಮ್ಯಾಪ್‌ನಲ್ಲಿ (ಸರ್ಚ್ ಎಂಜಿನ್‌ಗೆ ಕೊಡುವ ನಿಮ್ಮ ಪುಟಗಳ ಪಟ್ಟಿ) ಹಳೆಯದು ಉಳಿದಿಲ್ಲ ಎಂದು ನೋಡಿಕೊಳ್ಳಿ.